ಕೇಪ್ ಯಾರ್ಕಿನ ಕಬ್ಬಿಣ

ಗ್ರೀನ್‌ಲ್ಯಾಂಡಿನ ವಾಯವ್ಯ ಕರಾವಳಿಯಲ್ಲಿ ಮೆಲ್ವಿಲ್ ಕೊಲ್ಲಿಯ ಅಂಚಿಗಿರುವ ಕೇಪ್ ಯಾರ್ಕ್ ಎಂಬ ಭೂಶಿರದ ಆಸುಪಾಸಿನಲ್ಲಿ, ಸಾವಿರಾರು ವರ್ಷಗಳ ಹಿಂದೆ ಆಕಾಶದಿಂದ ಬಿದ್ದು ಹರಡಿಕೊಂಡ ಕಬ್ಬಿಣದ ಹಲವು ತುಂಡುಗಳಿಗೆ ವಿಜ್ಞಾನಿಗಳು ಒಟ್ಟಾಗಿ ಕೇಪ್ ಯಾರ್ಕ್ ಉಲ್ಕೆ ಎಂದು ಹೆಸರಿಟ್ಟಿದ್ದಾರೆ. ಈವರೆಗೆ ಪತ್ತೆಯಾದ ತುಂಡುಗಳ ಒಟ್ಟು ತೂಕ ಸುಮಾರು 58 ಟನ್; ಅವುಗಳಲ್ಲಿ ಅತಿ ದೊಡ್ಡದಾದ ಅಹ್ನಿಗಿಟೊ ಒಂದೇ ಸುಮಾರು 31 ಟನ್ ತೂಗುತ್ತದೆ. ನಮೀಬಿಯಾದ ಗ್ರೂಟ್‌ಫಾಂಟೈನ್ ಬಳಿಯ ಹೊಲದಲ್ಲಿ 1920ರಲ್ಲಿ ಪತ್ತೆಯಾದ ಹೋಬಾ ಉಲ್ಕೆ ಸುಮಾರು 60 ಟನ್ನಿನದಾಗಿದ್ದು ತೂಕದಲ್ಲಿ ಇದನ್ನು ಮೀರಿಸುತ್ತದೆಯಾದರೂ ಅದನ್ನು ಬಿದ್ದ ಜಾಗದಿಂದ ಯಾರೂ ಕದಲಿಸಿಲ್ಲ. ಅಹ್ನಿಗಿಟೊವನ್ನಾದರೋ ಹಿಮದ ನಾಡಿನಿಂದ ಕಿತ್ತು, ಹಡಗಿಗೇರಿಸಿ, ನ್ಯೂಯಾರ್ಕಿನ ವಸ್ತುಸಂಗ್ರಹಾಲಯಕ್ಕೆ ಸಾಗಿಸಲಾಯಿತು. ಹೀಗೆ ಸಾಗಿಸುವ ಮೊದಲು ಈ ಕಬ್ಬಿಣ ಸಾವಿರ ವರ್ಷಕ್ಕೂ ಹೆಚ್ಚು ಕಾಲ ಒಂದು ಜನಸಮುದಾಯದ ಚೂರಿ, ಈಟಿಗಳಿಗೆ ಲೋಹ ಒದಗಿಸಿತ್ತು ಎಂಬುದು ಅದರ ಚರಿತ್ರೆಯ ಮುಖ್ಯ ಸಂಗತಿ. ಉಲ್ಕೆಯನ್ನು ಕುರಿತ ಜನಪ್ರಿಯ ಬರಹಗಳಲ್ಲಿ ಬಹುಕಾಲ ಹಿಂದೆ ಬಿದ್ದದ್ದೂ ಇದೇ ಸಂಗತಿ.

ಸೂರ್ಯನ ಸುತ್ತ ತಿರುಗುವ ಶಿಲೆ ಅಥವಾ ಲೋಹದ ತುಣುಕೊಂದು ಭೂಮಿಯ ವಾಯುಮಂಡಲವನ್ನು ಹೊಕ್ಕು, ಅಲ್ಲಿ ಹುಟ್ಟುವ ಶಾಖದಲ್ಲಿ ಪೂರ್ತಿ ಉರಿದುಹೋಗದೆ ನೆಲ ಮುಟ್ಟಿದರೆ ಅದನ್ನು ಉಲ್ಕಾಶಿಲೆ ಅಥವಾ ಉಲ್ಕಾಪಿಂಡ ಎನ್ನುತ್ತಾರೆ. ಜನ ಬೀಳುವುದನ್ನು ಕಣ್ಣಾರೆ ಕಂಡು ಸಂಗ್ರಹಿಸಿದ ಉಲ್ಕೆಗಳಲ್ಲಿ ಬಹುಪಾಲು ಕಲ್ಲಿನವು. ಕಬ್ಬಿಣದವು ನೂರಕ್ಕೆ ಐದರಷ್ಟು ಮಾತ್ರ. ಭಾರತದಲ್ಲಿ ಕೊಡೈಕೆನಾಲ್ ಬಳಿ 1898ರಲ್ಲಿ ಸಿಕ್ಕಿದ, ವಿಜ್ಞಾನಿಗಳ ನಡುವೆ ಹೆಸರುವಾಸಿಯಾದ ಕಬ್ಬಿಣದ ಉಲ್ಕೆಯ ತೂಕ ಹದಿನಾರು ಕಿಲೋಗ್ರಾಂನಷ್ಟು ಎಂಬುದನ್ನು ನೆನೆದರೆ ಟನ್ನುಗಟ್ಟಲೆ ತೂಗುವ ಪಿಂಡ ಎಷ್ಟು ಅಪರೂಪವೆಂಬುದು ತಿಳಿದೀತು. ಉಲ್ಕೆಯ ಕಬ್ಬಿಣದಲ್ಲಿ ನಿಕ್ಕಲ್ ಎಂಬ ಲೋಹ ಸಾಮಾನ್ಯವಾಗಿ ಶೇಕಡಾ 5ಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಬೆರೆತಿರುತ್ತದೆ. ಅದಿರನ್ನು ಕಾಸಿ ಪಡೆದ ಕಬ್ಬಿಣದಲ್ಲಿ ಇಷ್ಟು ನಿಕ್ಕಲ್ ಇರುವುದು ತೀರಾ ವಿರಳವಾದ್ದರಿಂದ, ಕಬ್ಬಿಣದ ಹಳೆಯ ವಸ್ತುವೊಂದು ನೆಲದ್ದೋ ಆಕಾಶದ್ದೋ ಎಂದು ತೀರ್ಮಾನಿಸಲು ತಜ್ಞರು ಮೊದಲು ನೋಡುವುದು ನಿಕ್ಕಲ್‌ನ ಪ್ರಮಾಣವನ್ನೇ. ಕೇಪ್ ಯಾರ್ಕ್ ಕಬ್ಬಿಣದಲ್ಲಿ ಅದು ಶೇಕಡಾ 8ಕ್ಕೆ ಹತ್ತಿರವಿದೆ.

ಅದಿರು ಕರಗಿಸುವ ವಿದ್ಯೆ ಕೈವಶವಾಗುವುದಕ್ಕೆ ಬಹಳ ಮೊದಲೇ ಮನುಷ್ಯ ಉಲ್ಕೆಯ ಕಬ್ಬಿಣವನ್ನು ಬಳಸಿದ್ದಾನೆ. ಈಜಿಪ್ಟಿನ ಗೆರ್ಜೆಯ ಸಮಾಧಿಗಳಲ್ಲಿ ದೊರೆತ, ಐದು ಸಾವಿರ ವರ್ಷಕ್ಕೂ ಹಳೆಯದಾದ ಮಣಿಗಳು ಇದಕ್ಕೆ ಸಾಕ್ಷಿ. ಅರಸ ತುತಾನ್‌ಖಾಮುನ್‌ನ ಶವದೊಡನೆ ಇರಿಸಿದ್ದ ಕಠಾರಿಯ ಅಲಗು ಕೂಡ ಉಲ್ಕೆಯದೇ ಎಂದು 2016ರಲ್ಲಿ ಪ್ರಕಟವಾದ ಕ್ಷ-ಕಿರಣ ಪರೀಕ್ಷೆ ತೋರಿಸಿತು. ಭಾರತದಲ್ಲಿ 1621ರಲ್ಲಿ ಜಲಂಧರದ ಬಳಿ ಬಿದ್ದ ಉಲ್ಕೆಯಿಂದ ಖಡ್ಗ, ಚೂರಿಗಳನ್ನು ಮಾಡಿಸಿದ ವಿಷಯವನ್ನು ಮೊಗಲ್ ಬಾದಶಹ ಜಹಾಂಗೀರ್ ತನ್ನ ಆತ್ಮವೃತ್ತಾಂತದಲ್ಲಿ ದಾಖಲಿಸಿದ್ದಾನೆ. ಅವುಗಳಲ್ಲಿ ಒಂದು ಚೂರಿ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಇವೆಲ್ಲ ಅರಸರ, ಸಿರಿವಂತರ ಸೊತ್ತು. ದಿನದಿನದ ಊಟಕ್ಕೆ, ಉಡುಗೆಗೆ, ಬೇಟೆಗೆ ಒಂದು ಜನಾಂಗವೇ ಉಲ್ಕೆಯ ಕಬ್ಬಿಣವನ್ನು ನೆಚ್ಚಿ ಬದುಕಿದ್ದಕ್ಕೆ ಕೇಪ್ ಯಾರ್ಕಿನಷ್ಟು ಸ್ಪಷ್ಟವಾದ ನಿದರ್ಶನ ಇನ್ನೊಂದು ಸಿಗುವುದು ಕಷ್ಟ.

ಆ ಜನರು ಇನುಘುಯಿಟ್ ಎಂಬ ಹೆಸರಿನ, ಇನುಯಿಟ್ ಬಳಗಕ್ಕೆ ಸೇರಿದ ಬೇಟೆಗಾರರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಸಂಖ್ಯೆ ಇನ್ನೂರು, ಇನ್ನೂರೈವತ್ತರ ಆಸುಪಾಸಿನಲ್ಲಿತ್ತು. ಅವರ ನಾಡಿನಲ್ಲಿ ಮರ ಬೆಳೆಯುವುದಿಲ್ಲ. ಸಮುದ್ರದಲ್ಲಿ ತೇಲಿಬರುವ ಮರದ ತುಂಡು ಕೂಡ ಅಪರೂಪ. ಮರವಿಲ್ಲದಲ್ಲಿ ಇದ್ದಿಲಿಲ್ಲ, ಇದ್ದಿಲಿಲ್ಲದಲ್ಲಿ ಕುಲುಮೆಯಿಲ್ಲ. ಆದ್ದರಿಂದ ಲೋಹವನ್ನು ಕಾಸಿ ಬಡಿಯುವ ಕಮ್ಮಾರಿಕೆಗೆ ಅಲ್ಲಿ ಎಡೆಯೇ ಇರಲಿಲ್ಲ. ಸೀಲ್, ವಾಲ್ರಸ್, ಹಿಮಕರಡಿಗಳ ತೊಗಲು ಸುಲಿಯುವುದಕ್ಕೆ, ಮಾಂಸ ಕೊಯ್ಯುವುದಕ್ಕೆ, ಉಡುಪಿಗೆ ಚರ್ಮ ಕತ್ತರಿಸುವುದಕ್ಕೆ ಹರಿತವಾದ ಅಲಗು ಬೇಕೇ ಬೇಕು. ಕಲ್ಲಿನ ಚಕ್ಕೆಯಿಂದಲೂ ಕೆಲಸ ಸಾಗುತ್ತದೆಯಾದರೂ ಕಬ್ಬಿಣದಷ್ಟು ಕಾಲ ಅದು ಬಾಳುವುದಿಲ್ಲ. ಇಂಥ ನಾಡಿನಲ್ಲಿ, ಕಾಸದೆಯೇ ಬಡಿದು ಹದಮಾಡಬಲ್ಲ ಕಬ್ಬಿಣ ನೆಲದ ಮೇಲೆಯೇ ಬಿದ್ದಿದ್ದುದು ಅವರ ಪಾಲಿನ ದೊಡ್ಡ ಆಸ್ತಿಯಾಗಿತ್ತು.

ಕೆಲಸದ ಕ್ರಮ ನೋಡುವುದಕ್ಕೆ ಸರಳ, ಮಾಡುವುದಕ್ಕೆ ಬಲು ಕಠಿಣ. ಬೇಟೆಗಾರರು ಬಸಾಲ್ಟ್ ಎಂಬ ಗಟ್ಟಿಯಾದ ಕಪ್ಪುಶಿಲೆಯ ಉಂಡೆಗಳನ್ನು ಕೈಯಲ್ಲಿ ಹಿಡಿದು ಪಿಂಡದ ಮೇಲ್ಮೈಯ ಏಣುಗಳನ್ನು ಒಂದೇ ಸಮನೆ ಜಜ್ಜುತ್ತಿದ್ದರು. ಏಣು ಸಡಿಲಗೊಂಡು ಕಳಚಿಬಂದ ಚೂರನ್ನು ಮತ್ತೆ ಬಡಿದು, ತಟ್ಟಿ, ಸಣ್ಣ ನಾಣ್ಯದ ಅಗಲದ ತೆಳುಬಿಲ್ಲೆಯಾಗಿ ಮಾಡುತ್ತಿದ್ದರು. ಇಂಥ ಹಲವು ಬಿಲ್ಲೆಗಳನ್ನು, ನಾರ್ವಾಲ್ ಎಂಬ ತಿಮಿಂಗಿಲ ಜಾತಿಯ ಪ್ರಾಣಿಯ ಕೋರೆಯಲ್ಲೋ ವಾಲ್ರಸ್‌ನ ದಂತದಲ್ಲೋ ಎಲುಬಿನಲ್ಲೋ ಕೊರೆದ ಸೀಳಿನೊಳಗೆ ಒಂದರ ಪಕ್ಕ ಒಂದರಂತೆ ಬಿಗಿದು ಕೂರಿಸಿದರೆ ಉದ್ದನೆಯ ಅಲಗಿನ ಚೂರಿ ಸಿದ್ಧವಾಗುತ್ತಿತ್ತು. ಹೆಂಗಸರು ಚರ್ಮ ಹದಮಾಡಲು ಬಳಸುವ ಅರ್ಧಚಂದ್ರಾಕಾರದ ಉಲು ಎಂಬ ಚೂರಿಗೂ, ಸೀಲ್ ಬೇಟೆಯ ಹಾರ್ಪೂನ್ ಈಟಿಯ ಮೊನೆಗೂ ಇದೇ ಕಬ್ಬಿಣ. ಪಿಂಡಗಳ ಸುತ್ತ ರಾಶಿಬಿದ್ದಿರುವ ಬಸಾಲ್ಟ್ ಸುತ್ತಿಗೆಕಲ್ಲುಗಳ ಸಂಖ್ಯೆ ಸುಮಾರು ಹತ್ತು ಸಾವಿರವೆಂದು ಅಂದಾಜು ಮಾಡಲಾಗಿದೆ. ಆ ಜಾತಿಯ ಕಲ್ಲು ಅಲ್ಲೇ ಹತ್ತಿರದಲ್ಲಿ ದೊರೆಯುವುದಿಲ್ಲವಾದ್ದರಿಂದ ಅವೆಲ್ಲವನ್ನೂ ಹತ್ತಾರು ಕಿಲೋಮೀಟರ್ ದೂರದಿಂದ ಹೊತ್ತು ತರಲಾಗಿತ್ತು. ಒಂದೊಂದು ಕಲ್ಲೂ ಬಡಿದು ಬಡಿದು ಸವೆದು, ಒಡೆದು, ಕೈಬಿಟ್ಟದ್ದು ಎಂಬುದನ್ನು ನೆನೆದರೆ ಆ ರಾಶಿಯ ಹಿಂದಿರುವ ತಲೆಮಾರುಗಳ ದುಡಿಮೆ ಅರಿವಿಗೆ ಬರುತ್ತದೆ.

ಈ ಕಬ್ಬಿಣದ ಬಳಕೆ ಇನುಘುಯಿಟ್ ಜನರಿಗಿಂತಲೂ ಹಿಂದಿನದು. ಇನುಯಿಟ್ ಜನರಿಗೆ ಮೊದಲು ಉತ್ತರ ಧ್ರುವಪ್ರದೇಶದಲ್ಲಿ ನೆಲೆಸಿದ್ದ, ಪುರಾತತ್ತ್ವಜ್ಞರು ಡಾರ್ಸೆಟ್ ಸಂಸ್ಕೃತಿ ಎಂದು ಗುರುತಿಸುವ ಜನರು ಎಂಟನೆಯ ಶತಮಾನದ ಸುಮಾರಿಗೇ ಇದನ್ನು ಬಳಸತೊಡಗಿದ್ದರು. ಕೇಪ್ ಯಾರ್ಕ್ ಕಬ್ಬಿಣದ ಚೂರುಗಳು ಕೆನಡಾದ ಉತ್ತರದ ದ್ವೀಪಗಳ ಹಳೆಯ ವಸತಿಗಳಲ್ಲಿಯೂ ದೊರೆತಿರುವುದರಿಂದ, ಕೈಯಿಂದ ಕೈಗೆ ನಡೆಯುತ್ತಿದ್ದ ವಿನಿಮಯದ ಮೂಲಕ ಅದು ನೂರಾರು ಮೈಲಿ ದೂರ ಪಯಣಿಸುತ್ತಿತ್ತೆಂಬುದು ಖಚಿತವಾಗಿದೆ. ಇಂದಿನ ಇನುಯಿಟ್ ಜನರ ಪೂರ್ವಿಕರು ಅಲಾಸ್ಕಾದಿಂದ ಹೊರಟು ಇಡೀ ಧ್ರುವಪ್ರದೇಶವನ್ನು ದಾಟಿ ಹದಿಮೂರನೆಯ ಶತಮಾನದ ಸುಮಾರಿಗೆ ಗ್ರೀನ್‌ಲ್ಯಾಂಡ್ ತಲುಪಿದ್ದಕ್ಕೆ ತಿಮಿಂಗಿಲ ಬೇಟೆಯೇ ಕಾರಣವೆಂದು ಹಿಂದೆ ನಂಬಲಾಗಿತ್ತು. ಕೆನಡಾದ ಪುರಾತತ್ತ್ವಜ್ಞ ರಾಬರ್ಟ್ ಮೆಗೀ ಇದನ್ನು ಪ್ರಶ್ನಿಸಿ, ಆ ಜನರನ್ನು ಪೂರ್ವಕ್ಕೆ ಸೆಳೆದದ್ದು ಕಬ್ಬಿಣದ ಆಸೆಯೇ ಇರಬೇಕೆಂದು ವಾದಿಸಿದ್ದಾರೆ. ಈ ವಾದ ನಿಜವಾದರೆ, ಒಂದು ಉಲ್ಕಾಪಾತ ಒಂದು ಖಂಡದ ಉದ್ದಕ್ಕೂ ಮನುಷ್ಯರ ವಲಸೆಯನ್ನು ಪ್ರೇರಿಸಿದಂತಾಯಿತು.

ಹೊರಜಗತ್ತಿಗೆ ಇದರ ಸುಳಿವು ಸಿಕ್ಕಿದ್ದು 1818ರಲ್ಲಿ. ಅಟ್ಲಾಂಟಿಕ್ ಸಾಗರದಿಂದ ಉತ್ತರ ಅಮೆರಿಕದ ತಲೆಯ ಮೇಲೆ ಹಾಯ್ದು ಪೆಸಿಫಿಕ್ ಸೇರುವ ವಾಯವ್ಯ ಜಲಮಾರ್ಗವನ್ನು ಹುಡುಕುತ್ತ ಬ್ರಿಟಿಷ್ ನೌಕಾಪಡೆಯ ಜಾನ್ ರಾಸ್ ಇಸಬೆಲ್ಲಾ ಮತ್ತು ಅಲೆಕ್ಸಾಂಡರ್ ಎಂಬ ಎರಡು ಹಡಗುಗಳೊಡನೆ ಮೆಲ್ವಿಲ್ ಕೊಲ್ಲಿಗೆ ಬಂದಾಗ, ಹಿಮದ ಮೇಲೆ ನಾಯಿಗಳ ಜಾರುಬಂಡಿಯಲ್ಲಿ ಬಂದ ಇನುಘುಯಿಟ್ ಜನರನ್ನು ಕಂಡನು. ದಕ್ಷಿಣ ಗ್ರೀನ್‌ಲ್ಯಾಂಡಿನಿಂದ ಬಂದಿದ್ದ ಜಾನ್ ಸಾಕ್ಯೂಸ್ ಎಂಬ ಇನುಯಿಟ್ ಯುವಕ ಹಡಗಿನಲ್ಲಿ ದುಭಾಷಿಯಾಗಿದ್ದುದರಿಂದ ಮಾತುಕತೆ ಸಾಧ್ಯವಾಯಿತು. ದಂತದ ಹಿಡಿಗೆ ಕಬ್ಬಿಣದ ಬಿಲ್ಲೆ ಕೂರಿಸಿದ ಅವರ ಚೂರಿಗಳು ರಾಸ್‌ನ ಕುತೂಹಲ ಕೆರಳಿಸಿದವು. ಆ ಕಬ್ಬಿಣ ಎಲ್ಲಿಯದೆಂದು ಕೇಳಿದಾಗ, ಕರಾವಳಿಯ ಒಂದೆಡೆ ಬೆಟ್ಟದ ಬಳಿ ಇರುವ ದೊಡ್ಡ ಕಬ್ಬಿಣದ ಬಂಡೆಗಳಿಂದ ತೆಗೆದದ್ದು ಎಂಬ ಉತ್ತರ ದೊರಕಿತು. ಹಿಮ ಹೆಪ್ಪುಗಟ್ಟುವ ಕಾಲ ಸಮೀಪಿಸುತ್ತಿದ್ದುದರಿಂದ ರಾಸ್ ಅಲ್ಲಿಗೆ ಹೋಗದೆ, ಕೆಲವು ಚೂರಿಗಳನ್ನು ಮಾತ್ರ ಇಂಗ್ಲೆಂಡಿಗೆ ಒಯ್ದನು. ಅಲ್ಲಿ ಪರೀಕ್ಷಿಸಿದಾಗ ಕಬ್ಬಿಣದಲ್ಲಿ ನಿಕ್ಕಲ್ ಕಂಡುಬಂದದ್ದರಿಂದ ಅದು ಉಲ್ಕೆಯೆಂಬ ನಿರ್ಣಯಕ್ಕೆ ವಿದ್ವಾಂಸರು ಬಂದರು.

ಆ ಹೊತ್ತಿಗೆ ಈ ನಿರ್ಣಯ ಎಷ್ಟು ಹೊಸತಾಗಿತ್ತೆಂಬುದನ್ನು ಇಂದು ಊಹಿಸುವುದು ಕಷ್ಟ. ಆಕಾಶದಿಂದ ಕಲ್ಲು ಬೀಳುತ್ತದೆಂಬ ಹಳ್ಳಿಗರ ಮಾತನ್ನು ಯುರೋಪಿನ ಪಂಡಿತರು ಹದಿನೆಂಟನೆಯ ಶತಮಾನದುದ್ದಕ್ಕೂ ಮೂಢನಂಬಿಕೆಯೆಂದು ತಳ್ಳಿಹಾಕಿದ್ದರು. ಸೈಬೀರಿಯಾದಲ್ಲಿ ದೊರೆತ ಕಬ್ಬಿಣದ ಪಿಂಡವೊಂದನ್ನು ಆಧಾರವಾಗಿಟ್ಟುಕೊಂಡು ಜರ್ಮನಿಯ ಭೌತವಿಜ್ಞಾನಿ ಅರ್ನ್ಸ್ಟ್ ಕ್ಲಾಡ್ನಿ 1794ರಲ್ಲಿ ಇಂಥವು ಅಂತರಿಕ್ಷದಿಂದಲೇ ಬಂದವೆಂದು ವಾದಿಸಿದಾಗ ಮೊದಲಿಗೆ ಅವನಿಗೆ ಸಿಕ್ಕಿದ್ದು ಅಪಹಾಸ್ಯ. ಫ್ರಾನ್ಸಿನ ಲೇಗ್ಲ್ ಊರಿನ ಮೇಲೆ 1803ರಲ್ಲಿ ಸಾವಿರಾರು ಕಲ್ಲುಗಳು ಸುರಿದು, ಅಲ್ಲಿಗೆ ಹೋಗಿ ಪರಿಶೀಲಿಸಿದ ಜಾನ್ ಬಾಪ್ಟಿಸ್ಟ್ ಬಿಯೋ ವರದಿ ಸಲ್ಲಿಸಿದ ಮೇಲಷ್ಟೇ ವಾದ ಇತ್ಯರ್ಥವಾಯಿತು. ಹೀಗೆ ವಿದ್ವಾಂಸರು ಒಪ್ಪಿಕೊಂಡು ಹದಿನೈದು ವರ್ಷವಷ್ಟೇ ಆಗಿದ್ದ ಸಂಗತಿಯನ್ನು ಧ್ರುವಪ್ರದೇಶದ ಬೇಟೆಗಾರರು ತಮ್ಮ ಕಥೆಗಳಲ್ಲಿ ಮೊದಲೇ ಹೇಳಿಕೊಂಡು ಬಂದಿದ್ದರು. ಅವರ ಐತಿಹ್ಯದ ಪ್ರಕಾರ ಹೊಲಿಗೆಯಲ್ಲಿ ತೊಡಗಿದ್ದ ಹೆಂಗಸೊಬ್ಬಳನ್ನು ಅವಳ ನಾಯಿ ಮತ್ತು ಗುಡಾರದೊಂದಿಗೆ ದುಷ್ಟಶಕ್ತಿಯೊಂದು ಆಕಾಶದಿಂದ ಕೆಳಕ್ಕೆ ದೂಡಿತು; ಬಿದ್ದ ಆ ಮೂರೂ ಕಬ್ಬಿಣವಾದವು. ಮೂರು ಪಿಂಡಗಳಿಗೆ ಹೆಂಗಸು, ನಾಯಿ, ಗುಡಾರ ಎಂಬ ಹೆಸರುಗಳು ಬಂದದ್ದು ಹೀಗೆ. ಹೆಂಗಸಿನ ತಲೆಯನ್ನು ಮುರಿದು ಜಾರುಬಂಡಿಯಲ್ಲಿ ಒಯ್ಯಲು ಹೊರಟವರ ಕಾಲಡಿಯ ಸಮುದ್ರದ ಹಿಮ ಬಿರುಕುಬಿಟ್ಟು, ತಲೆಯೂ ಬಂಡಿಯೂ ನಾಯಿಗಳೂ ನೀರು ಪಾಲಾದವೆಂಬ ಉಪಕಥೆಯೂ ಇತ್ತು. ಬೇಕಾದಷ್ಟೇ ಚೂರು ತೆಗೆದುಕೊಳ್ಳಬೇಕು, ಇಡಿಯಾಗಿ ಒಯ್ಯಬಾರದು ಎಂಬ ಕಟ್ಟುಪಾಡು ಈ ಕಥೆಯಲ್ಲಿ ಅಡಗಿದೆಯೆಂದು ತಿಳಿಯುವುದು ತಪ್ಪಾಗಲಾರದು.

ರಾಸ್‌ನ ವರದಿಯ ನಂತರ ಹಲವು ಯಾತ್ರೆಗಳು ಬಂಡೆಗಳನ್ನು ಹುಡುಕಿ ವಿಫಲವಾದವು. ಸ್ಥಳೀಯರಲ್ಲಿ ಯಾರೂ ಹೊರಗಿನವರಿಗೆ ದಾರಿ ತೋರಿಸಲು ಮುಂದಾಗಿರಲಿಲ್ಲ. ಕೊನೆಗೆ 1894ರ ಮೇ ತಿಂಗಳಲ್ಲಿ, ಅಮೆರಿಕದ ನೌಕಾಪಡೆಯಲ್ಲಿ ಸಿವಿಲ್ ಎಂಜಿನಿಯರ್ ಆಗಿದ್ದು ಉತ್ತರ ಧ್ರುವ ಮುಟ್ಟುವ ಹಂಬಲದಿಂದ ಗ್ರೀನ್‌ಲ್ಯಾಂಡಿಗೆ ಪದೇಪದೇ ಬರುತ್ತಿದ್ದ ರಾಬರ್ಟ್ ಪಿಯರಿ, ಬಂದೂಕೊಂದನ್ನು ಕೊಡುವ ಮಾತಿನ ಮೇಲೆ ಸ್ಥಳೀಯ ಬೇಟೆಗಾರನೊಬ್ಬನನ್ನು ಒಪ್ಪಿಸಿದನು. ಪಿಯರಿ ಮತ್ತು ಅವನ ಸಂಗಡಿಗ ಹ್ಯೂ ಲೀ ಆ ಬೇಟೆಗಾರನ ಹಿಂದೆ ಜಾರುಬಂಡಿಯಲ್ಲಿ ದಿನಗಟ್ಟಲೆ ಸಾಗಿ ನಿಗದಿತ ಸ್ಥಳ ತಲುಪಿದಾಗ ಕಾಣುತ್ತಿದ್ದುದು ಬರೀ ಹಿಮ. ಮಾರ್ಗದರ್ಶಿ ನೆಲದ ಗುರುತು ಹಿಡಿದು ಒಂದೆಡೆ ತೋಡತೊಡಗಿದ, ಅಡಿಯಲ್ಲಿ ಕಂದುಬಣ್ಣದ ಪಿಂಡ ತಲೆದೋರಿತು. ಪಿಯರಿ ಅದರ ಮೈಮೇಲೆ ತನ್ನ ಹೆಸರಿನ ಮೊದಲಕ್ಷರವನ್ನು ಗೀಚಿ ತನ್ನ ಶೋಧವೆಂದು ಗುರುತು ಮಾಡಿದನು. ಅದೇ ಪಿಂಡದ ಸುತ್ತ ಬಿದ್ದಿದ್ದ ಸಾವಿರಾರು ಸುತ್ತಿಗೆಕಲ್ಲುಗಳು ಅದಕ್ಕಿಂತ ಎಷ್ಟೋ ಹಳೆಯ, ಎಷ್ಟೋ ಆಳವಾದ ಗುರುತುಗಳಾಗಿದ್ದವು.

ಮರುವರ್ಷ, ಅಂದರೆ 1895ರಲ್ಲಿ, ಕೈಟ್ ಎಂಬ ಹಡಗಿನಲ್ಲಿ ಹೆಂಗಸು ಮತ್ತು ನಾಯಿ ಎಂಬ ಪಿಂಡಗಳನ್ನು ಅಮೆರಿಕಕ್ಕೆ ಸಾಗಿಸಲಾಯಿತು. ನಾಯಿಯ ತೂಕ ಸುಮಾರು 400 ಕಿಲೋಗ್ರಾಂ, ಹೆಂಗಸಿನದು 3 ಟನ್ನಿನ ಹತ್ತಿರ. ಹೆಂಗಸನ್ನು ತೇಲುವ ಹಿಮದ ಹಲಗೆಯ ಮೇಲಿರಿಸಿ ಹಡಗಿನ ಪಕ್ಕಕ್ಕೆ ತಂದು, ಸರಪಳಿ ಬಿಗಿದು ಎತ್ತುತ್ತಿರುವಾಗಲೇ ಹಿಮ ಒಡೆದುಹೋಯಿತು. ರಾಟೆಗಳು ಭಾರ ತಾಳಿಕೊಂಡದ್ದರಿಂದ ಪಿಂಡ ಉಳಿಯಿತು. ಐತಿಹ್ಯದಲ್ಲಿ ಹೆಂಗಸಿನ ತಲೆಗೆ ಆದ ಗತಿ ಅವಳ ಮೈಗೂ ಆಗುವುದು ಕೂದಲೆಳೆಯಲ್ಲಿ ತಪ್ಪಿತು.

ಗುಡಾರವೆಂದು ಕರೆಯಲಾಗುತ್ತಿದ್ದ ಅತಿ ದೊಡ್ಡ ಪಿಂಡ ಇದ್ದುದು ಸ್ವಲ್ಪ ದೂರದ ದ್ವೀಪವೊಂದರ ಇಳಿಜಾರಿನಲ್ಲಿ. ಅದರ ಉದ್ದ ಸುಮಾರು 3.4 ಮೀಟರ್, ಅಗಲ 2.1 ಮೀಟರ್, ಎತ್ತರ 1.7 ಮೀಟರ್. ಅಷ್ಟು ಅಳತೆಯ ಕಲ್ಲುಬಂಡೆಗಿಂತ ಅದು ಬಹಳ ಹೆಚ್ಚು ಭಾರವಾಗಿದ್ದುದಲ್ಲದೆ, ಕಟ್ಟಿ ಎತ್ತಲು ಸರಿಯಾದ ಅಂಚಾಗಲಿ ಮೂಲೆಯಾಗಲಿ ಅದಕ್ಕೆ ಇರಲಿಲ್ಲ. ಹೋಪ್ ಎಂಬ ಹಡಗಿನೊಡನೆ 1896ರಲ್ಲಿ ಬಂದ ಪಿಯರಿಯ ತಂಡ ಹೈಡ್ರಾಲಿಕ್ ಜಾಕ್‌ಗಳನ್ನು, ಅಂದರೆ ಎಣ್ಣೆ ಅಥವಾ ನೀರಿನ ಒತ್ತಡದಿಂದ ಭಾರ ಎತ್ತುವ ಯಂತ್ರಗಳನ್ನು ಬಳಸಿ ಪಿಂಡವನ್ನು ಅಂಗುಲ ಅಂಗುಲವಾಗಿ ಎಬ್ಬಿಸಿ, ಉರುಳಿಸಿ ತೀರದ ಬಳಿಗೆ ತಂದಿತಾದರೂ, ಹಿಮಗಡ್ಡೆಗಳು ಕೊಲ್ಲಿಯೊಳಕ್ಕೆ ನುಗ್ಗತೊಡಗಿದಾಗ ಬಿಟ್ಟುಹೋಗಬೇಕಾಯಿತು. ಮರುವರ್ಷ ಅದೇ ಹಡಗು ಮತ್ತೆ ಬಂದಿತು. ತೀರದಿಂದ ಹಡಗಿನ ಅಟ್ಟದವರೆಗೆ ದಪ್ಪ ದಿಮ್ಮಿಗಳ ಸೇತುವೆ ಕಟ್ಟಿ, ಅದರ ಮೇಲೆ ಉಕ್ಕಿನ ಹಳಿ ಹಾಸಿ, ಪಿಂಡವನ್ನು ಹಳಿಯ ಮೇಲೆ ಜಾರಿಸಿ ತರಲಾಯಿತು. ಈ ದುಡಿಮೆಯಲ್ಲಿ ಇನುಘುಯಿಟ್ ಗಂಡಸರೂ ಕೈಜೋಡಿಸಿದ್ದರು. ಗ್ರೀನ್‌ಲ್ಯಾಂಡಿನಲ್ಲೇ ಹುಟ್ಟಿದ್ದ, ಇನ್ನೂ ನಾಲ್ಕು ವರ್ಷ ತುಂಬದ ಪಿಯರಿಯ ಮಗಳು ಮೇರಿ ಅಹ್ನಿಗಿಟೊ ಪುಟ್ಟ ಮದ್ಯದ ಸೀಸೆಯೊಂದನ್ನು ಒಡೆದು ಪಿಂಡಕ್ಕೆ ನಾಮಕರಣ ಮಾಡಿದಳು. ಗುಡಾರ ಎಂಬ ಹಳೆಯ ಹೆಸರು ಹಿಂದಾಗಿ ಅವಳ ಹೆಸರು ಪಿಂಡಕ್ಕೆ ಅಂಟಿಕೊಂಡಿತು. ಹಡಗಿನ ಒಡಲಲ್ಲಿ ಇಷ್ಟು ಕಬ್ಬಿಣ ಸೇರಿದ ಮೇಲೆ ದಿಕ್ಸೂಚಿಯ ಮುಳ್ಳೂ ದಾರಿ ತಪ್ಪಿತ್ತು. ಎಂಜಿನಿಯರಿಂಗ್ ಸಾಧನೆಯಾಗಿ ನೋಡಿದರೆ ಇದು ಸಾಮಾನ್ಯವಾದುದಲ್ಲ, ಪಿಯರಿಗೆ ಸಲ್ಲಬೇಕಾದ ಮೆಚ್ಚುಗೆಯನ್ನು ಸಲ್ಲಿಸಲೇಬೇಕು.

ಆದರೆ ಹೋಪ್ ಹಡಗು 1897ರ ಶರತ್ಕಾಲದಲ್ಲಿ ನ್ಯೂಯಾರ್ಕ್ ತಲುಪಿದಾಗ ಅದರಲ್ಲಿ ಇದ್ದುದು ಕಬ್ಬಿಣವೊಂದೇ ಅಲ್ಲ. ಆರು ಮಂದಿ ಇನುಘುಯಿಟ್ ಜನರನ್ನೂ ಪಿಯರಿ ಕರೆತಂದಿದ್ದನು. ಅಮೆರಿಕದ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದ್ದ ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್, ಅಧ್ಯಯನಕ್ಕಾಗಿ ಒಬ್ಬರನ್ನು ಕರೆತರಬಹುದೆಂದು ಸೂಚಿಸಿದ್ದು ಆರು ಜನರ ವಲಸೆಯಾಗಿ ಪರಿಣಮಿಸಿತ್ತು. ಉಲ್ಕೆಯನ್ನೂ ಈ ಜನರನ್ನೂ ನೋಡಲು ಸಾವಿರಾರು ಮಂದಿ ಹಣ ತೆತ್ತು ಹಡಗು ಹತ್ತಿದರು. ಆ ಬಳಿಕ ಅವರನ್ನು ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಇರಿಸಲಾಯಿತು. ಧ್ರುವಪ್ರದೇಶದ ಶುದ್ಧಗಾಳಿಯಲ್ಲಿ ಬೆಳೆದ ಅವರಿಗೆ ನಗರದ ರೋಗಗಳನ್ನು ತಾಳುವ ಶಕ್ತಿ ಇರಲಿಲ್ಲ. ಕಿಸುಕ್, ನುಕ್ತಾಕ್, ಅವನ ಹೆಂಡತಿ ಅತಂಗನಾ, ಅವರ ಮಗಳು ಅವಿಯಾಕ್, ಈ ನಾಲ್ವರೂ ತಿಂಗಳುಗಳ ಅಂತರದಲ್ಲಿ ಕ್ಷಯರೋಗಕ್ಕೆ ಬಲಿಯಾದರು. ಉಯಿಸಾಕಸ್ಸಾಕ್ ಎಂಬ ಯುವಕ 1898ರಲ್ಲಿ ಊರಿಗೆ ಮರಳಿದನು. ಉಳಿದವನು ಕಿಸುಕ್‌ನ ಮಗ, ಆರೇಳು ವರ್ಷದ ಹುಡುಗ ಮಿನಿಕ್.

ತಂದೆ ಸತ್ತಾಗ ಹುಡುಗನ ಸಮಾಧಾನಕ್ಕಾಗಿ ವಸ್ತುಸಂಗ್ರಹಾಲಯದ ತೋಟದಲ್ಲಿ ಸಂಜೆಗತ್ತಲಿನಲ್ಲಿ ಶವಸಂಸ್ಕಾರ ನಡೆಯಿತು. ಬಟ್ಟೆ ಸುತ್ತಿ ಮಣ್ಣು ಮಾಡಿದ್ದು ಮರದ ದಿಮ್ಮಿಯೊಂದನ್ನು. ಕಿಸುಕ್‌ನ ದೇಹವನ್ನು ವೈದ್ಯರು ಕೊಯ್ದು ಪರೀಕ್ಷಿಸಿ, ಎಲುಬುಗಳನ್ನು ಶುದ್ಧಗೊಳಿಸಿ ಸಂಗ್ರಹಕ್ಕೆ ಸೇರಿಸಿದರು. ಸಂಸ್ಥೆಯ ಕಟ್ಟಡಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ವಿಲಿಯಂ ವಾಲೇಸ್‌ನ ಮನೆಯಲ್ಲಿ ಬೆಳೆದ ಮಿನಿಕ್‌ಗೆ ವರ್ಷಗಳ ನಂತರ ನಿಜ ಗೊತ್ತಾಯಿತು. ತಂದೆಯ ಅಸ್ಥಿಯನ್ನು ಕೊಡಿರೆಂದು ಅವನು ಪತ್ರಿಕೆಗಳ ಮೂಲಕವೂ ಬೇಡಿಕೊಂಡನು, ಕೊಡಲಿಲ್ಲ. ಅವನು 1909ರಲ್ಲಿ ಗ್ರೀನ್‌ಲ್ಯಾಂಡಿಗೆ ಮರಳಿ, ಮರೆತುಹೋಗಿದ್ದ ತಾಯ್ನುಡಿಯನ್ನೂ ಬೇಟೆಯನ್ನೂ ಹೊಸದಾಗಿ ಕಲಿತನಾದರೂ, ಎರಡು ಲೋಕಗಳಲ್ಲಿ ಯಾವುದೂ ತನ್ನದಾಗದೆ 1916ರಲ್ಲಿ ಮತ್ತೆ ಅಮೆರಿಕಕ್ಕೆ ಬಂದು, 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ತೀರಿಕೊಂಡನು. ಕೆನಡಾದ ಲೇಖಕ ಕೆನ್ ಹಾರ್ಪರ್ 1986ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಈ ಪ್ರಕರಣ ಮತ್ತೆ ಜನರ ಗಮನಕ್ಕೆ ಬಂದಿತು. 1993ರಲ್ಲಿ ನಾಲ್ವರ ಅಸ್ಥಿಗಳನ್ನು ಗ್ರೀನ್‌ಲ್ಯಾಂಡಿಗೆ ಒಯ್ದು ಕಾನಾಕ್ ಎಂಬ ಊರಿನಲ್ಲಿ ಮಣ್ಣು ಮಾಡಲಾಯಿತು.

ಉಲ್ಕೆಯ ವ್ಯವಹಾರ ಇದಕ್ಕಿಂತ ಸಲೀಸಾಗಿ ಮುಗಿಯಿತು. ಬ್ರೂಕ್ಲಿನ್ನಿನ ನೌಕಾಂಗಣದಲ್ಲಿ ಕೆಲವು ವರ್ಷ ಬಿದ್ದಿದ್ದ ಅಹ್ನಿಗಿಟೊವನ್ನು 1904ರಲ್ಲಿ ಕುದುರೆಗಳ ದೊಡ್ಡ ಸಾಲು ಕಟ್ಟಿದ ಗಾಡಿಯಲ್ಲಿ ನ್ಯೂಯಾರ್ಕಿನ ಬೀದಿಗಳ ಮೂಲಕ ಎಳೆದು ವಸ್ತುಸಂಗ್ರಹಾಲಯಕ್ಕೆ ಸೇರಿಸಲಾಯಿತು. ಮೂರು ಪಿಂಡಗಳ ಬೆಲೆಯಾಗಿ ಪಿಯರಿ ಕುಟುಂಬಕ್ಕೆ ಸಂದದ್ದು 40,000 ಡಾಲರ್. ಇನುಘುಯಿಟ್ ಜನರಿಗೆ ಸಿಕ್ಕಿದ್ದು ಬಂದೂಕು, ಚೂರಿ, ಮರದ ದಿಮ್ಮಿಯಂಥ ವಸ್ತುಗಳು. ತಿಮಿಂಗಿಲ ಬೇಟೆಯ ಹಡಗುಗಳಿಂದಲೂ ತನ್ನಿಂದಲೂ ಅವರಿಗೆ ಬೇಕಾದಷ್ಟು ಕಬ್ಬಿಣ ದೊರೆಯುತ್ತಿರುವುದರಿಂದ ಉಲ್ಕೆ ಅವರಿಗೆ ಇನ್ನು ಬೇಡವಾದುದೆಂದು ಪಿಯರಿ ಸಮರ್ಥಿಸಿಕೊಂಡಿದ್ದನು. ಹತ್ತೊಂಬತ್ತನೆಯ ಶತಮಾನದಲ್ಲಿ ವ್ಯಾಪಾರದ ಕಬ್ಬಿಣ ಬಳಕೆಗೆ ಬಂದು ಬಂಡೆ ಬಡಿಯುವುದು ಕಡಿಮೆಯಾಗುತ್ತ ಬಂದದ್ದು ನಿಜವೇ. ಆದರೂ ಬಳಕೆ ನಿಂತ ಮಾತ್ರಕ್ಕೆ ಒಡೆತನ ನಿಲ್ಲುವುದಿಲ್ಲ. ಪಾಳುಬಿದ್ದ ಊರಬಾವಿಯೂ ಊರಿನದೇ. ಆ ಕಾಲಕ್ಕೆ ವಾಯವ್ಯ ಗ್ರೀನ್‌ಲ್ಯಾಂಡಿನ ಮೇಲೆ ಡೆನ್ಮಾರ್ಕಿನ ಆಡಳಿತ ಗಟ್ಟಿಯಾಗಿ ಬೇರೂರಿರಲಿಲ್ಲ. ಇಡೀ ಗ್ರೀನ್‌ಲ್ಯಾಂಡಿನ ಮೇಲೆ ಡೆನ್ಮಾರ್ಕಿನ ಹಕ್ಕಿಗೆ ಅಮೆರಿಕ ತನ್ನ ಆಕ್ಷೇಪಣೆಯಿಲ್ಲವೆಂದು ತಿಳಿಸಿದ್ದು 1916ರಲ್ಲಿ, ಕೆರಿಬಿಯನ್ ದ್ವೀಪಗಳನ್ನು ಕೊಂಡ ಒಪ್ಪಂದದ ಸಂದರ್ಭದಲ್ಲಿ. ಹಾಗಾಗಿ ಪಿಯರಿಯನ್ನು ತಡೆಯುವ ಕಾನೂನಾಗಲಿ ಅಧಿಕಾರಿಯಾಗಲಿ ಅಲ್ಲಿ ಇರಲಿಲ್ಲ.

ನಂತರದ ತುಂಡುಗಳು ಸೇರಿದ್ದು ಕೋಪನ್‌ಹೇಗನ್ನಿಗೆ. ಸಾವಿಕ್ ಎಂಬ 3.4 ಟನ್ನಿನ ತುಂಡು 1913ರಲ್ಲಿ ಪತ್ತೆಯಾಗಿ, ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿಬೆಳೆದ ಅನ್ವೇಷಕ ಕ್ನುಡ್ ರಾಸ್‌ಮುಸೆನ್‌ನ ಪ್ರಯತ್ನದಿಂದ 1925ರಲ್ಲಿ ಡೆನ್ಮಾರ್ಕ್ ತಲುಪಿತು. ಡೆನ್ಮಾರ್ಕಿನ ಲೋಹವಿಜ್ಞಾನಿ ವಾಗ್ನ್ ಬುಕ್‌ವಾಲ್ಡ್, ಇಷ್ಟು ದೊಡ್ಡ ಉಲ್ಕಾಪಾತದ ಇನ್ನಷ್ಟು ತುಂಡುಗಳು ಇರಲೇಬೇಕೆಂಬ ನಂಬಿಕೆಯಿಂದ ಕ್ರಮಬದ್ಧವಾಗಿ ಹುಡುಕಿ, 1963ರಲ್ಲಿ ಅಗ್ಪಾಲಿಲಿಕ್ ಎಂಬಲ್ಲಿ ಕಲ್ಲುಗಳ ನಡುವೆ ಹುದುಗಿದ್ದ ಸುಮಾರು 20 ಟನ್ನಿನ ಪಿಂಡವನ್ನು ಕಂಡುಹಿಡಿದರು. ಈ ಪಿಂಡಕ್ಕೆ ಗಂಡಸು ಎಂಬ ಹೆಸರೂ ಇದೆ. 1967ರಲ್ಲಿ ಕೋಪನ್‌ಹೇಗನ್ನಿಗೆ ಬಂದ ಅದನ್ನು ಕೊಯ್ದು ತೆಗೆದ ದೊಡ್ಡ ಹಲಗೆಯಿಂದ ವಿಜ್ಞಾನ ಪಡೆದ ಲಾಭ ಅಪಾರವಾದುದು.

ಉಲ್ಕೆಯ ಕಬ್ಬಿಣವನ್ನು ಕೊಯ್ದು, ಕೊಯ್ದ ಮುಖವನ್ನು ನುಣುಪಾಗಿ ಉಜ್ಜಿ, ದುರ್ಬಲಗೊಳಿಸಿದ ಆಮ್ಲದಲ್ಲಿ ತೊಳೆದರೆ ಒಂದನ್ನೊಂದು ಅಡ್ಡಹಾಯುವ ಹೊಳಪಿನ ಪಟ್ಟಿಗಳು ಮೂಡುತ್ತವೆ. ವಿಯೆನ್ನಾದ ಅಲೋಯಿಸ್ ವಿಡ್‌ಮಾನ್‌ಸ್ಟೆಟನ್ 1808ರಲ್ಲಿ ಗಮನಿಸಿದ ಈ ವಿನ್ಯಾಸಕ್ಕೆ ಅವನ ಹೆಸರೇ ಉಳಿದಿದೆ. ನಿಕ್ಕಲ್ ಕಡಿಮೆಯಿರುವ ಕಾಮಸೈಟ್ ಮತ್ತು ಹೆಚ್ಚಿರುವ ಟೀನೈಟ್ ಎಂಬ ಎರಡು ಬಗೆಯ ಹರಳುಗಳು ಬೇರ್ಪಟ್ಟು ಬೆಳೆಯುವುದರಿಂದ ಪಟ್ಟಿಗಳು ಉಂಟಾಗುತ್ತವೆ. ಗಟ್ಟಿಯಾದ ಲೋಹದೊಳಗೆ ನಿಕ್ಕಲ್‌ನ ಪರಮಾಣುಗಳು ಸರಿದಾಡುವುದು ಅತಿ ನಿಧಾನವಾದ್ದರಿಂದ, ಕಣ್ಣಿಗೆ ಕಾಣುವಷ್ಟು ಅಗಲದ ಪಟ್ಟಿ ಬೆಳೆಯಬೇಕಾದರೆ ಲೋಹ ಹತ್ತು ಲಕ್ಷ ವರ್ಷಕ್ಕೆ ಕೆಲವೇ ಹತ್ತಾರು ಅಥವಾ ನೂರಾರು ಡಿಗ್ರಿಯ ಗತಿಯಲ್ಲಿ ತಣಿಯಬೇಕು. ಯಾವ ಪ್ರಯೋಗಶಾಲೆಯೂ ಇದನ್ನು ಮರುಸೃಷ್ಟಿಸಲಾರದು. ಇಂಥ ನಿಧಾನವಾದ ತಣಿಯುವಿಕೆ ಸಾಧ್ಯವಾಗುವುದು ಕಲ್ಲಿನ ದಪ್ಪ ಹೊದಿಕೆಯ ಒಳಗೆ, ಅಂದರೆ ಕ್ಷುದ್ರಗ್ರಹದ ಒಡಲಿನಲ್ಲಿ. ಸೌರವ್ಯೂಹ ರೂಪುಗೊಂಡ ಮೊದಲ ಕೆಲವು ದಶಲಕ್ಷ ವರ್ಷಗಳಲ್ಲಿ, ಅಂದರೆ ಸುಮಾರು 456 ಕೋಟಿ ವರ್ಷಗಳ ಹಿಂದೆ, ವಿಕಿರಣಶೀಲ ಅಲ್ಯೂಮಿನಿಯಂನ ಶಾಖದಿಂದ ಪುಟ್ಟ ಗ್ರಹವೊಂದು ಕರಗಿ, ಭಾರವಾದ ಕಬ್ಬಿಣ ಅದರ ನಡುವಿಗೆ ಇಳಿದು ತಿರುಳಾಯಿತು. ಆಮೇಲೆ ಯಾವುದೋ ಡಿಕ್ಕಿಯಲ್ಲಿ ಆ ಗ್ರಹ ಒಡೆದು ತಿರುಳಿನ ತುಂಡುಗಳು ಚದುರಿದವು. ಅಗ್ಪಾಲಿಲಿಕ್ ಹಲಗೆಯಲ್ಲಿ ಟ್ರಾಯ್ಲೈಟ್ ಎಂಬ, ಕಬ್ಬಿಣ ಮತ್ತು ಗಂಧಕ ಕೂಡಿದ ಖನಿಜದ ಉದ್ದನೆಯ ಗಂಟುಗಳು ಬಹುಮಟ್ಟಿಗೆ ಒಂದೇ ದಿಕ್ಕಿಗೆ ಚಾಚಿಕೊಂಡಿವೆ. ಹೆಪ್ಪುಗಟ್ಟುವ ಹೊತ್ತಿನಲ್ಲಿ ಆ ಕಳೆದುಹೋದ ಗ್ರಹದ ಗುರುತ್ವಾಕರ್ಷಣೆ ಎಳೆಯುತ್ತಿದ್ದ ದಿಕ್ಕನ್ನು ಅವು ಸೂಚಿಸುತ್ತವೆಯೆಂದು ಬುಕ್‌ವಾಲ್ಡ್ ವಿವರಿಸಿದ್ದಾರೆ. ಮನುಷ್ಯ ತನ್ನ ಭೂಮಿಯ ತಿರುಳನ್ನು ಎಂದೂ ಕೈಯಲ್ಲಿ ಹಿಡಿದು ನೋಡಲಾರ. ಇನ್ನೊಂದು ಗ್ರಹದ ತಿರುಳನ್ನು ಮುಟ್ಟಿ ನೋಡುವ ಅವಕಾಶವನ್ನು ಕಬ್ಬಿಣದ ಉಲ್ಕೆಗಳು ಮಾಡಿಕೊಟ್ಟಿವೆ.

ವಾಯವ್ಯ ಗ್ರೀನ್‌ಲ್ಯಾಂಡಿನಲ್ಲಿಯೇ, ಹಯವಾಥ ಎಂಬ ಹಿಮನದಿಯ ಅಡಿಯಲ್ಲಿ, ಸುಮಾರು 31 ಕಿಲೋಮೀಟರ್ ಅಗಲದ ಉಲ್ಕಾಕುಳಿಯೊಂದು ಇರುವುದನ್ನು 2018ರಲ್ಲಿ ಪ್ರಕಟಿಸಿದಾಗ ಅದಕ್ಕೂ ಕೇಪ್ ಯಾರ್ಕ್ ಕಬ್ಬಿಣಕ್ಕೂ ನಂಟಿರಬಹುದೆಂಬ ಊಹೆ ಹಬ್ಬಿತ್ತು. 2022ರಲ್ಲಿ ಕುಳಿಯ ವಯಸ್ಸು ಸುಮಾರು 5.8 ಕೋಟಿ ವರ್ಷವೆಂದು ತಿಳಿದ ಮೇಲೆ ಆ ಊಹೆಗೆ ಬಲವಿಲ್ಲದಂತಾಯಿತು.

ಅಹ್ನಿಗಿಟೊ, ಹೆಂಗಸು, ನಾಯಿ ಈ ಮೂರೂ ಇಂದು ನ್ಯೂಯಾರ್ಕಿನ ವಸ್ತುಸಂಗ್ರಹಾಲಯದ ಉಲ್ಕೆಗಳ ಸಭಾಂಗಣದಲ್ಲಿವೆ. ಅಹ್ನಿಗಿಟೊವಿನ ಭಾರವನ್ನು ನೆಲಹಾಸು ತಾಳದ ಕಾರಣ ಅದರ ಆಧಾರಸ್ತಂಭಗಳನ್ನು ಕಟ್ಟಡದ ಅಡಿಯ ಮೂಲಶಿಲೆಯವರೆಗೆ ಇಳಿಸಲಾಗಿದೆ. ಸಾವಿಕ್ ಮತ್ತು ಅಗ್ಪಾಲಿಲಿಕ್ ಕೋಪನ್‌ಹೇಗನ್ನಿನಲ್ಲಿವೆ. ಐದು ದೊಡ್ಡ ತುಂಡುಗಳಲ್ಲಿ ಒಂದೂ ಗ್ರೀನ್‌ಲ್ಯಾಂಡಿನಲ್ಲಿ ಉಳಿದಿಲ್ಲ. ಕೇಪ್ ಯಾರ್ಕ್ ಉಲ್ಕೆಯ ಶೋಧಕ ಪಿಯರಿ ಎಂಬ ಮಾತನ್ನು ಪಠ್ಯಗಳು ಇನ್ನು ಮುಂದೆ ಕೈಬಿಡುವುದು ಒಳಿತು. ಅವನು ಅದನ್ನು ಸಾಗಿಸಿದವನು. ಕಂಡುಕೊಂಡು, ಲೋಹವೆಂದು ಅರಿತು, ಬಳಸುವ ವಿದ್ಯೆಯನ್ನು ರೂಪಿಸಿದವರು ಧ್ರುವಪ್ರದೇಶದ ಜನರು. ನ್ಯೂಯಾರ್ಕಿನಲ್ಲಿ ನೆಲೆಸಿರುವ ಅಥವಾ ಅಲ್ಲಿಗೆ ಹೋಗಿಬರುವ ಕನ್ನಡಿಗರು ಆ ಸಭಾಂಗಣಕ್ಕೆ ಕಾಲಿಟ್ಟಾಗ, ನಡುವಿನ ದೈತ್ಯಪಿಂಡವೊಂದನ್ನೇ ನೋಡಿ ಹೊರಡದೆ, ಪಕ್ಕದಲ್ಲಿರುವ ಹೆಂಗಸು ಎಂಬ ಪಿಂಡದ ಬಳಿಯೂ ನಿಂತು, ನೂರಾರು ವರ್ಷ ಕಲ್ಲಿನ ಏಟು ತಿಂದ ಅದರ ಮೈಯನ್ನು ನೋಡಬೇಕು; ಜೊತೆಗೆ ಮಕ್ಕಳಿದ್ದರೆ ಕಿಸುಕ್ ಮತ್ತು ಮಿನಿಕ್‌ರ ಹೆಸರನ್ನೂ ಅವರಿಗೆ ಹೇಳಬೇಕು.